ಇದು ಯಾವ ಬೀದಿಯ ನೀರು?

ಇಷ್ಟೆಲ್ಲಕ್ಕೂ ಕಾರಣ ಕೆಳದವಡೆಯ ಒಂದು ಹಲ್ಲು. ಅದನ್ನು ತೋರಿಸಲು ಹೋದ ದೂರಪ್ಪ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಒಂದು ಗಾಜಿನ ಜಾಡಿಯ ಎದುರು ಕೂತ. ಜಾಡಿಯ ತಳದಲ್ಲಿ ಮಣ್ಣು, ಮಣ್ಣಿನ ಮೇಲೆ ಬಿಳಿ ಮರಳು, ಮರಳಿನಿಂದ ಎದ್ದು ನೀರಿನೊಳಗೆ ನಿಂತ ಹಸಿರು ಗಿಡಗಳು. ಪಂಪಿಲ್ಲ, ಕೊಳವೆಯಿಲ್ಲ, ಗುಳುಗುಳು ಸದ್ದಿಲ್ಲ. ಒಂದು ಎಲೆಯ ಅಂಚಿನಿಂದ ಸಾಸಿವೆಗಿಂತ ಚಿಕ್ಕದಾದ ಗುಳ್ಳೆಯೊಂದು ಬಿಡಿಸಿಕೊಂಡು ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ದೂರಪ್ಪ ಮೂರನೆಯದಕ್ಕೆ ಕಾದ. ಅಷ್ಟರಲ್ಲಿ ಅವನ ಸರದಿ ಬಂದು, ಅವನು ಏಳದ್ದರಿಂದ ಹಿಂದಿನವರನ್ನು ಒಳಗೆ ಕರೆದು, ಅವರ ಹಲ್ಲು ಕಿತ್ತೂ ಆಗಿತ್ತು.

"ಇದನ್ನ ಯಾರು ತೊಳೀತಾರೆ?" ಎಂದು ಚೀಟಿ ಬರೆಯುವಾಕೆಯನ್ನು ಕೇಳಿದ.

"ಯಾರೂ ತೊಳೆಯಲ್ಲ ಸಾರ್. ಗಿಡಗಳೇ ನೋಡ್ಕೋತವೆ."

ಈ ಮಾತು ದೂರಪ್ಪನ ತಲೆಯಲ್ಲಿ ಹೊಕ್ಕು ಕೂತಿತು. ಕೂರಲು ಕಾರಣವಿತ್ತು. ಅವನು ಊರಿನ ನೀರು ಸರಬರಾಜು ಕಚೇರಿಯ ದೂರು ಗುಮಾಸ್ತ. ನೀರು ಬರಲಿಲ್ಲ, ಬಂದದ್ದು ನಿಲ್ಲಲಿಲ್ಲ, ನಿಂತದ್ದು ನಾರುತ್ತಿದೆ ಎಂಬ ಅರ್ಜಿಗಳನ್ನು ಓದಿ, "ಪರಿಶೀಲಿಸಲಾಗಿ ನೀರು ಸ್ವಚ್ಛವಾಗಿರುವುದು ಕಂಡುಬಂದಿದೆ" ಎಂದು ಉತ್ತರ ಬರೆಯುವುದೇ ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಸಹೋದ್ಯೋಗಿಗಳು ಅವನಿಗೆ ದೂರಪ್ಪ ಎಂದು ಹೆಸರಿಟ್ಟಿದ್ದರು; ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಇಷ್ಟು ವರ್ಷದಲ್ಲಿ ನೀರಿನ ಬಗ್ಗೆ ಅವನು ಬರೆದದ್ದು ಸಾವಿರಾರು ಪುಟ. ನೀರನ್ನು ಕಣ್ಣಿಟ್ಟು ನೋಡಿದ್ದು ಮಾತ್ರ ಅಂದೇ ಮೊದಲು.

ಮುಂದಿನ ವಾರ ಅವನು ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದ. ಅಂಗಡಿಯಾಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮೊದಲನೇ ಸಲಾನಾ?"

"ಹೌದಮ್ಮ."

"ಹಾಗಾದ್ರೆ ಬರ್ಕೊಳ್ಳಿ. ತಳಕ್ಕೆ ಎರಡು ಬೆರಳು ತೋಟದ ಮಣ್ಣು, ಜರಡಿ ಹಿಡಿದು. ಮೇಲೆ ಎರಡು ಬೆರಳು ಮರಳು, ತೊಳೆದು. ಮರಳು ಮುಚ್ಚಿರೋವರೆಗೆ ಮಣ್ಣು ಸುಮ್ಮನಿರುತ್ತೆ. ಮರಳು ಕದಲಿತೋ, ನಿಮ್ಮ ಕತೆ ಮುಗೀತು. ಗಿಡ ನೆಡೋಕೆ ಉದ್ದನೆ ಚಿಮಟ. ನೀರು ಹಾಕೋವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಮೆಲ್ಲಗೆ. ನಲ್ಲಿ ನೀರಾದ್ರೆ ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಡಿ, ಔಷಧಿ ವಾಸನೆ ಹೋಗಲಿ. ಬೆಳಕು ಬೇಕು, ಬಿಸಿಲು ಬೇಡ."

"ಮೀನು?"

"ನೀರು ಹದಕ್ಕೆ ಬರೋಕೆ ಒಂದು ತಿಂಗಳು ಬೇಕು. ಅಲ್ಲಿವರೆಗೆ ಏನೂ ಬಿಡೋ ಹಾಗಿಲ್ಲ."

ಬೆಳಕಿದ್ದು ಬಿಸಿಲಿಲ್ಲದ ಜಾಗ ದೂರಪ್ಪನ ಮನೆಯಲ್ಲಿ ಒಂದೇ ಒಂದಿತ್ತು. ಅಲ್ಲಿ ಹೆಂಡತಿಯ ಹೊಲಿಗೆ ಯಂತ್ರವಿತ್ತು. ಅವನು ಯಂತ್ರದ ಕಡೆ ನೋಡಿದ. ಹೆಂಡತಿ ಅವನ ಕಡೆ ನೋಡಿದಳು. ಮಾತಿಲ್ಲದೆಯೇ ತೀರ್ಮಾನವಾಗಿ, ಜಾಡಿ ಕಚೇರಿಗೆ ಹೋಗುವುದೆಂದಾಯಿತು. ಅಲ್ಲಿ ಅವನ ಮೇಜಿನ ಪಕ್ಕದ ಕಿಟಕಿಗೆ ಬಿಸಿಲು ತಾಗಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ದೂರಪ್ಪ ಕಚೇರಿ ತೆರೆಯುವುದಕ್ಕೆ ಒಂದು ಗಂಟೆ ಮೊದಲೇ ಹೊರಟ. ತೊಡೆಯ ಮೇಲೆ ಹತ್ತು ಲೀಟರಿನ ಗಾಜಿನ ಜಾಡಿ, ಕಾಲುಗಳ ನಡುವೆ ಮನೆಯ ನಲ್ಲಿಯಿಂದ ಹಿಂದಿನ ದಿನವೇ ಹಿಡಿದಿಟ್ಟ ನೀರಿನ ಎರಡು ಕ್ಯಾನು, ಚೀಲದಲ್ಲಿ ಮಣ್ಣು ಮರಳು, ಕೈಯಲ್ಲಿ ಒದ್ದೆ ಕಾಗದದಲ್ಲಿ ಸುತ್ತಿದ ಗಿಡಗಳು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಇದನ್ನೆಲ್ಲ ಎರಡು ನಿಲ್ದಾಣದವರೆಗೆ ನೋಡಿ, "ಯಾರಿಗೆ ಹುಷಾರಿಲ್ಲ?" ಎಂದು ಮೆಲ್ಲಗೆ ಕೇಳಿದರು.

ಮೇಜಿನ ಕಡತಗಳನ್ನು ಒಂದು ಬದಿಗೆ ಸರಿಸಿ ದೂರಪ್ಪ ಕೆಲಸಕ್ಕೆ ಕೂತ. ಮಣ್ಣು ಹಾಸಿದ. ಮರಳು ಮುಚ್ಚಿದ. ಚಿಮಟದ ತುದಿಯಲ್ಲಿ ಮೊದಲ ಗಿಡವನ್ನು ಹಿಡಿದು ಮರಳಿಗೆ ಚುಚ್ಚಿ, ಉಸಿರು ಬಿಗಿಹಿಡಿದು ಚಿಮಟ ಬಿಟ್ಟ. ಗಿಡ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದನ್ನು ನೆಡುವಾಗ ಮೊದಲನೆಯದು ಬೇಸರವಾದ ಅತಿಥಿಯಂತೆ ಎದ್ದು ಬಂತು. ಅದನ್ನು ಕೂರಿಸಿದರೆ ಎರಡನೆಯದು ಎದ್ದಿತು. ಅರ್ಧ ಗಂಟೆ ಹೀಗೆ ಅವುಗಳನ್ನು ಕೂರಿಸುವುದು, ಅವು ಏಳುವುದು ನಡೆದು, ಕೊನೆಗೆ ಐದೂ ಗಿಡಗಳು ಒಂದೇ ಹೊತ್ತಿಗೆ ಕೂತವು. ಒಂದು ಎಲೆಯ ಬೆನ್ನಿನಲ್ಲಿ ಏನೋ ಕಪ್ಪು ಚುಕ್ಕೆ ಕಂಡಿತು. ಕಡತದ ಚಿಕ್ಕ ಅಕ್ಷರ ಓದುವ ಭೂತಗನ್ನಡಿ ತಂದು ನೋಡಿದರೆ ಬಸವನಹುಳು, ಅಕ್ಕಿಕಾಳಿಗಿಂತ ಸಣ್ಣದು. ಅದು ಎರಡು ಕೊಂಬು ಚಾಚಿ ಅವನ ಕಡೆ ತಿರುಗಿತು. ದೂರಪ್ಪನಿಗೆ ಏಕೋ ಹಾಜರಿ ಹಾಕಿಸಿಕೊಂಡಂತೆ ಸಂತೋಷವಾಯಿತು.

ತಟ್ಟೆಯಿಟ್ಟು, ಲೋಟದಲ್ಲಿ ತೊಟ್ಟು ತೊಟ್ಟಾಗಿ ಮೊದಲ ಕ್ಯಾನಿನ ನೀರನ್ನು ಹಾಕಿ ಮುಗಿಸುವಷ್ಟರಲ್ಲಿ ಹೆಡ್ ಕ್ಲರ್ಕ್ ಬಂದರು. ಇನ್ನೊಬ್ಬರ ಕೆಲಸ ನಿಧಾನವಾಗಿ ನಡೆಯುವುದನ್ನು ಅವರಿಂದ ನೋಡಲು ಆಗುತ್ತಿರಲಿಲ್ಲ. ತಮ್ಮ ಕೆಲಸದ ವಿಷಯದಲ್ಲಿ ಆ ತೊಂದರೆ ಇರಲಿಲ್ಲ.

"ಏನ್ರೀ ಇದು, ಕೂಸಿಗೆ ಹಾಲು ಕುಡಿಸೋ ಹಾಗೆ?"

"ಮೆಲ್ಲಗೆ ಹಾಕಬೇಕು ಸಾರ್. ಇಲ್ಲದಿದ್ರೆ ಮರಳು ಕದಲುತ್ತೆ."

"ಹೀಗಾದ್ರೆ ಸಂಜೆ ಆಗುತ್ತೆ. ಕೊಡಿ ಇಲ್ಲಿ. ಲೋಟ ಅಲ್ಲ, ಕ್ಯಾನು ಕೊಡಿ."

ದೂರಪ್ಪ ಬೇಡ ಎನ್ನುವುದಕ್ಕೂ ಹೆಡ್ ಕ್ಲರ್ಕ್ ಎರಡನೇ ಕ್ಯಾನನ್ನು ಜಾಡಿಯ ಬಾಯಿಗೆ ಬಗ್ಗಿಸುವುದಕ್ಕೂ ಸರಿಹೋಯಿತು. ತಟ್ಟೆ ಮಗುಚಿತು. ಮರಳಿನ ನಡುವೆ ಗುಂಡಿ ಬಿತ್ತು. ಆ ಗುಂಡಿಯಿಂದ ಕರಿಮಣ್ಣು, ಸಿನಿಮಾ ಆಟ ಬಿಟ್ಟ ಮೇಲೆ ಒಂದೇ ಬಾಗಿಲಿನಿಂದ ಹೊರಬೀಳುವ ಜನರಂತೆ ನುಗ್ಗಿಕೊಂಡು ಮೇಲೆ ಬಂತು. ಕಣ್ಣು ಮಿಟುಕಿಸುವುದರಲ್ಲಿ ಜಾಡಿ ತುಂಬ ಕಂದು ಬಣ್ಣ. ಐದೂ ಗಿಡಗಳು ಬೇರು ಮೇಲೆ ಮಾಡಿ ತೇಲಿದವು.

ಹೆಡ್ ಕ್ಲರ್ಕ್ ಖಾಲಿ ಕ್ಯಾನನ್ನು ಮೃದುವಾಗಿ ಕೆಳಗಿಟ್ಟರು. "ಶುರುವಿನಲ್ಲಿ ಹೀಗೇ ಇರುತ್ತೆ ಅನ್ಸುತ್ತೆ," ಎಂದು ತಮ್ಮ ಮೇಜಿಗೆ ಹೋದರು.

ಆಗಲೇ ಬಂದ ಟೈಪಿಸ್ಟ್ ಬಗ್ಗಿ ನೋಡಿ, "ಡಿಕಾಕ್ಷನ್ ಸ್ವಲ್ಪ ಜಾಸ್ತಿ ಆಯ್ತು," ಎಂದು ಹೇಳಿ ತನ್ನ ಜಾಗದಲ್ಲಿ ಕೂತಳು.

ದೂರಪ್ಪ ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಜಾಡಿಯೊಳಗೆ ಕೈಬಿಟ್ಟು, ಕಾಣದ ಮರಳಿನಲ್ಲಿ ಕುರುಡಾಗಿ ಗಿಡ ಚುಚ್ಚತೊಡಗಿದ. ಕಚೇರಿಯ ಬಾಗಿಲು ತೆರೆದದ್ದು ಅವನಿಗೆ ತಿಳಿಯಲಿಲ್ಲ. ಎದುರಿಗೆ ಬಂದು ನಿಂತದ್ದು ಅರ್ಜಿ ಮೇಷ್ಟ್ರು ಎಂಬುದೂ ತಿಳಿಯಲಿಲ್ಲ.

ಅರ್ಜಿ ಮೇಷ್ಟ್ರು ಕೆಲಸದಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ನಲ್ಲಿಯ ನೀರಿನ ಬಣ್ಣವನ್ನು ಅವರಷ್ಟು ನಿಖರವಾಗಿ ವರ್ಣಿಸಿ ದೂರು ಬರೆಯುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ತಿಂಗಳಿಗೊಂದು ಅರ್ಜಿ ತಪ್ಪದೆ ತರುತ್ತಿದ್ದರು, ತಪ್ಪದೆ ಅದೇ ಉತ್ತರ ಪಡೆಯುತ್ತಿದ್ದರು. ಈಗ ಅವರು ಕನ್ನಡಕವನ್ನು ಹಣೆಗೇರಿಸಿ, ದೂರು ವಿಭಾಗದ ಮೇಜಿನ ಮೇಲಿದ್ದ ಕೆಸರು ನೀರಿನ ಜಾಡಿಯನ್ನು ಸುತ್ತು ಹಾಕಿ ನೋಡಿದರು.

"ಇದು ಯಾವ ಬೀದಿಯ ನೀರು?"

ದೂರಪ್ಪ ತಲೆ ಎತ್ತಲಿಲ್ಲ. ಚಿಮಟದಲ್ಲಿ ಒಂದು ಬೇರು ಸಿಕ್ಕಿತ್ತು. "ನಮ್ಮ ನಲ್ಲೀದೇ. ನಿನ್ನೆ ಹಿಡಿದಿದ್ದು."

"ನಿನ್ನೆಯಿಂದಲೂ ಹೀಗೇ ಇದೆಯಾ?"

"ಇಲ್ಲ, ಬೆಳಿಗ್ಗೆ ಚೆನ್ನಾಗಿತ್ತು. ಹತ್ತು ಗಂಟೆ ಹತ್ತಿರ ಹೀಗಾಯ್ತು."

"ಕಾರಣ?"

"ಹೆಡ್ ಕ್ಲರ್ಕು."

ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. "ಸರಿ ಹೋಗೋಕೆ ಎಷ್ಟು ದಿನ?"

"ಕೆಸರು ಇವತ್ತೇ ಕೂತ್ಕೊಂಡ್ರೂ ಕೂತ್ಕೊಂಡೀತು. ನೀರು ಹದಕ್ಕೆ ಬರೋಕೆ ಒಂದು ತಿಂಗಳು."

"ಒಂದು ತಿಂಗಳು. ಅಲ್ಲಿವರೆಗೆ ನಾವೇನು ಮಾಡಬೇಕು?"

"ಮಾಡೋದೇನಿದೆ? ನೋಡ್ತಾ ಇರಬೇಕು ಅಷ್ಟೇ. ನೋಡೋದ್ರಲ್ಲೇ ಇರೋದು ಸುಖ."

"ಹುಳ ಗಿಳ ಏನಾದರೂ?"

"ಒಂದಿದೆ. ತಾನಾಗೇ ಬಂದಿದ್ದು. ಒಂದು ಬಂದ್ರೆ ನೂರಾಗ್ತವಂತೆ. ಒಳ್ಳೇದೇ ಅಂತೆ." ಅಷ್ಟರಲ್ಲಿ ಬೇರು ನಿಂತಿತು. ದೂರಪ್ಪ ತಲೆ ಎತ್ತಿದ. "ಓ, ಮೇಷ್ಟ್ರಾ. ಕೂತ್ಕೊಳ್ಳಿ."

ಮೇಷ್ಟ್ರು ಕೂರಲಿಲ್ಲ. ಅವರ ಕಣ್ಣು ತೇವವಾಗಿತ್ತು. ದೂರಪ್ಪನ ಒದ್ದೆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. "ಈ ಕಚೇರಿಲಿ ನನಗೆ ನಿಜ ಹೇಳಿದೋರು ನೀವೊಬ್ಬರೇ," ಎಂದು ಹೇಳಿ ಹೊರಗೆ ಹೋದರು.

ಜಾಡಿಯ ಮೇಲೆ ಕಡೆಗೂ ಒಬ್ಬರಿಗೆ ಆಸಕ್ತಿ ಹುಟ್ಟಿತಲ್ಲ ಎಂದು ದೂರಪ್ಪನಿಗೆ ಹಿತವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಹೊರಗೆ ಹೊಸ ನಲ್ಲಿಗೆಂದು, ಮುರಿದ ಮೀಟರಿಗೆಂದು ಸಾಲಿನಲ್ಲಿ ನಿಂತವರೆಲ್ಲ ಮೇಷ್ಟ್ರ ಬಾಯಿಂದ ಸುದ್ದಿ ಕೇಳಿ ಒಬ್ಬೊಬ್ಬರಾಗಿ ಒಳಗೆ ಬಂದು ಬಗ್ಗಿ ನೋಡತೊಡಗಿದರು. ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಒಬ್ಬರು ಫೋನಿನಲ್ಲಿ ಚಿತ್ರ ತೆಗೆದರು. "ಒಳಗೆ ಗಿಡ ಬೆಳೆದುಬಿಟ್ಟಿದೆ," ಎಂದಿತು ಒಂದು ದನಿ. "ಪೈಪಲ್ಲಿ ಬೇರು ಬಿಟ್ಟಿರುತ್ತೆ. ನಮ್ಮ ಮನೆಗೆ ನೀರು ಸಣ್ಣಗೆ ಬರೋದು ಅದಕ್ಕೇ." ಅಷ್ಟು ಹೊತ್ತಿಗೆ ಬಸವನಹುಳು, ಕೆಸರಿನಿಂದ ಬೇಸತ್ತೋ ಏನೋ, ಗಾಜಿನ ಮೇಲೆ ಎಲ್ಲರಿಗೂ ಕಾಣುವಂತೆ ಹತ್ತಿ ಬಂತು.

ಐದು ನಿಮಿಷದಲ್ಲಿ ದೂರಪ್ಪನಿಗೆ ಇಂಜಿನಿಯರ್ ಸಾಹೇಬರ ಕೋಣೆಯಿಂದ ಕರೆ ಬಂತು.

ಸಾಹೇಬರು ಮೇಜಿನ ಮೇಲಿನ ಗಾಜಿನ ಲೋಟದಿಂದ ಒಂದು ಗುಟುಕು ನೀರು ಕುಡಿದು, ಬಾಯಿ ಒರೆಸಿಕೊಂಡು ಕೇಳಿದರು. "ಅದು ಮಾದರಿನೋ, ಆಟಿಕೆನೋ?"

"ಸಾರ್, ಅದು ನನ್ನ ಸ್ವಂತದ್ದು. ನಮ್ಮ ಮನೆ ನೀರು, ನಮ್ಮ ಮನೆ ಹಿತ್ತಿಲ ಮಣ್ಣು. ನೀರಲ್ಲಿ ಗಿಡ ಬೆಳೆಸೋದು. ಹವ್ಯಾಸ."

"ಕಚೇರಿ ಮೇಜಿನ ಮೇಲೆ?"

"ಬೆಳಕು ಚೆನ್ನಾಗಿದೆ ಸಾರ್."

ಸಾಹೇಬರು ಬಾಗಿಲಿನ ಕಡೆ ಕೈ ತೋರಿಸಿದರು. "ಹೊರಗೆ ನಲವತ್ತು ಜನ ಸೇರಿದಾರೆ. ನನಗೆ ಹೇಳಿದ್ದನ್ನೇ ಹೋಗಿ ಅವರಿಗೆ ಹೇಳಿ. ಒಪ್ಪಿದ್ರೆ ನನಗೂ ಒಪ್ಪಿಗೆ."

ದೂರಪ್ಪ ಹೊರಗೆ ಹೋಗಿ, ಜನರ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಇದು ಯಾವ ಬೀದಿಯ ನೀರೂ ಅಲ್ಲ, ನನ್ನದೇ ಹವ್ಯಾಸ ಎಂದ. ಮೇಷ್ಟ್ರು ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟರು.

"ನೋಡಿ," ಎಂದರು ಜನರ ಕಡೆ ತಿರುಗಿ. "ಈಗಷ್ಟೇ ಸಾಹೇಬರ ಕೋಣೆಗೆ ಹೋಗಿದ್ರು. ಈಗ ಮಾತು ಬದಲಾಗಿದೆ. ಪಾಪ, ಅವರಿಗೂ ಹೆಂಡತಿ ಮಕ್ಕಳಿದಾರೆ."

ಜನರೆಲ್ಲ ದೂರಪ್ಪನನ್ನು ಮರುಕದಿಂದ ನೋಡಿದರು. ಮೂಗು ಮುಚ್ಚಿಕೊಂಡಿದ್ದಾಕೆ, "ಹೆದರಬೇಡಿಯಪ್ಪ, ನಾವಿದೀವಿ," ಎಂದರು.

ನೀರನ್ನು ಪರೀಕ್ಷೆ ಮಾಡಿಸಬೇಕು, ವರದಿಯನ್ನು ಎಲ್ಲರೆದುರು ಓದಬೇಕು ಎಂದು ಮೇಷ್ಟ್ರು ಪಟ್ಟು ಹಿಡಿದರು. ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ದೂರಿನ ಮಾದರಿಯ ಜೊತೆಗೆ ಹೋಲಿಕೆಗೆ ಒಂದು ಒಳ್ಳೆಯ ನೀರಿನ ಮಾದರಿಯನ್ನೂ ಇಡಬೇಕು ಎಂದು ನೆನಪಿಸಿದರು. ಸಾಹೇಬರು ಬಾಗಿಲಿಗೆ ಬಂದು ನಿಂತಿದ್ದರು. ಒಳ್ಳೆಯ ನೀರು ಎಂದಕೂಡಲೇ ಅವರ ಬೆನ್ನು ನೆಟ್ಟಗಾಯಿತು.

"ಅದಕ್ಕೆ ಊರೆಲ್ಲ ಯಾಕೆ ಸುತ್ತಬೇಕು? ನಮ್ಮ ಕಚೇರಿ ಕುಡಿಯೋ ನೀರಿನ ನಲ್ಲೀಲೇ ಹಿಡೀರಿ."

ಪ್ರಯೋಗಾಲಯವಿದ್ದದ್ದು ಅದೇ ಕಟ್ಟಡದ ಹಿಂಭಾಗದಲ್ಲಿ. ಜಾಡಿಯನ್ನು ಹೊರಲು ಇಬ್ಬರು ಮುಂದೆ ಬಂದರು. ದೂರಪ್ಪ ಬಿಡಲಿಲ್ಲ. ಆಗ ತಾನೇ ಕೂತ ಬೇರುಗಳು ಅಲುಗಾಡಬಾರದೆಂದು ಎರಡೂ ತೋಳುಗಳಲ್ಲಿ ಅಪ್ಪಿಕೊಂಡು, ತೂಗಿ ತೂಗಿ ಹೆಜ್ಜೆಯಿಟ್ಟ. ಹಿಂದೆ ಜನ, ಅವರ ಹಿಂದೆ ಸಾಹೇಬರು. ಕಾರಿಡಾರಿನಲ್ಲಿ ಎದುರಾದವರೆಲ್ಲ ಗೋಡೆಗೆ ಒತ್ತಿ ದಾರಿ ಬಿಟ್ಟರು.

ಲ್ಯಾಬ್ ಮೇಡಂ ಎಲ್ಲರನ್ನೂ ಹೊಸ್ತಿಲ ಹೊರಗೇ ನಿಲ್ಲಿಸಿ, ಜಾಡಿಯನ್ನೂ ಅದರ ಜೊತೆಗಾರನನ್ನೂ ಮಾತ್ರ ಒಳಗೆ ಬಿಟ್ಟುಕೊಂಡರು. ಬಾಗಿಲು ಹಾಕಿ, ಜಾಡಿಯ ಎದುರು ಕುಕ್ಕರುಗಾಲಲ್ಲಿ ಕೂತು ಗಾಜಿಗೆ ಮೂಗು ತಾಗಿಸಿದರು.

"ನೀವೇ ನೆಟ್ಟಿದ್ದಾ?"

"ಹೌದು ಮೇಡಂ. ಹಾಗಂತ ಕೇಳಿದ ಮೊದಲನೆಯವರು ನೀವು."

"ಮರಳು ಎಷ್ಟು ಹಾಕಿದೀರಿ?"

"ಎರಡು ಬೆರಳು."

"ಯಾರ ಬೆರಳು? ನಿಮ್ಮದು ತೆಳ್ಳಗಿದೆ." ಅವರು ನಕ್ಕರು. "ಇರಲಿ. ಕೆಸರು ಕೂತ್ಕೊಳ್ಳಲಿ. ನಾವೂ ಕೂತ್ಕೊಳ್ಳೋಣ."

ದೂರಪ್ಪನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಆ ಮಧ್ಯಾಹ್ನದಂಥ ಮಧ್ಯಾಹ್ನ ಬಂದಿರಲಿಲ್ಲ. ಜಾಡಿಯ ಮೇಲ್ಭಾಗದಿಂದ ಶುರುವಾಗಿ, ಪರದೆ ಇಳಿಸಿದಂತೆ, ಕಂದುಬಣ್ಣ ಮೆಲ್ಲಮೆಲ್ಲನೆ ಕೆಳಗಿಳಿಯಿತು. ಮೊದಲು ಎಲೆಯ ತುದಿಗಳು ಕಂಡವು, ಆಮೇಲೆ ಕಾಂಡ. ಮೇಡಂ ಒಂದು ಹನಿ ನೀರನ್ನು ಗಾಜಿನ ಚೂರಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿ, "ಬನ್ನಿ, ನೋಡಿ," ಎಂದರು. ದೂರಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. ಮೊದಲು ತನ್ನದೇ ರೆಪ್ಪೆಗೂದಲು ಕಂಡಿತು. ಆಮೇಲೆ ಬೆಳ್ಳನೆಯ ಬಯಲು. ಆ ಬಯಲಿನಲ್ಲಿ ಚಪ್ಪಲಿಯಾಕಾರದ ಒಂದು ಜೀವ ಎಲ್ಲಿಗೋ ತುರ್ತಿನ ಕೆಲಸವಿದ್ದಂತೆ ಓಡುತ್ತ ಬಂದು, ಮಣ್ಣಿನ ಕಣಕ್ಕೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಬೇರೆ ದಾರಿ ಹಿಡಿಯಿತು.

"ಅದು ಎಲ್ಲಿಗೆ ಹೋಗ್ತಿದೆ ಮೇಡಂ?"

"ಗೊತ್ತಿಲ್ಲ. ಇಷ್ಟು ವರ್ಷ ಆಯ್ತು, ನಾನೂ ಅದನ್ನೇ ಯೋಚನೆ ಮಾಡ್ತೀನಿ."

"ಇದು ನಮ್ಮ ಮನೆ ಮಣ್ಣಲ್ಲೇ ಇತ್ತಾ?"

"ಎಲ್ಲ ಕಡೆ ಇರುತ್ತೆ. ನೋಡೋರಿಲ್ಲ ಅಷ್ಟೇ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಇಬ್ಬರಿಗೂ ಕೇಳಿಸಲಿಲ್ಲ. ಆಮೇಲೆ ಮೇಡಂ ಸೋಸಿ, ಬಣ್ಣ ಬೆರೆಸಿ, ಕೊಳವೆಗಳನ್ನು ಬೆಳಕಿಗೆ ಹಿಡಿದು, ಜಾಡಿಯ ನೀರಿನದು ಮುಗಿಸಿ ಕಚೇರಿ ನಲ್ಲಿಯ ಬಾಟಲಿಯನ್ನು ಕೈಗೆತ್ತಿಕೊಂಡರು. ಅದನ್ನು ನೋಡುತ್ತ ನೋಡುತ್ತ ಅವರ ಹುಬ್ಬು ಮೇಲೇರಿತು. ಇನ್ನೊಂದು ಬಾಟಲಿ ಹಿಡಿಸಿ ತರಿಸಿದರು. ಹುಬ್ಬು ಇನ್ನೂ ಮೇಲೆ ಹೋಯಿತು.

ಮೂರೂವರೆಗೆ ವರದಿ ಸಿದ್ಧವಾಯಿತು. ಸಾಹೇಬರು ಅದನ್ನು ಒಳಗೇ ಓದಿಕೊಂಡು ಬರುವ ಯೋಚನೆಯಲ್ಲಿದ್ದರು. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರಿಂದ ಅದು ಸಾಗಲಿಲ್ಲ. ಮೇಡಂ ಮೆಟ್ಟಿಲ ಮೇಲೆ ನಿಂತು ಓದಿದರು.

"ಮಾದರಿ ಒಂದು, ಜಾಡಿಯ ನೀರು. ತಳದ ಕೆಸರನ್ನು ಬಿಟ್ಟರೆ ದೋಷ ಕಂಡುಬಂದಿಲ್ಲ. ಮಾದರಿ ಎರಡು, ಕಚೇರಿಯ ಕುಡಿಯುವ ನೀರಿನ ನಲ್ಲಿ. ಕ್ರಿಮಿನಾಶಕ ಔಷಧಿಯ ಅಂಶ ಇಲ್ಲ. ಹಸಿರು ಪಾಚಿಯ ಎಳೆಗಳು ಹೇರಳವಾಗಿವೆ. ಕುಡಿಯಲು ತಕ್ಕುದಲ್ಲ."

ಮೆಟ್ಟಿಲ ಬುಡದಲ್ಲಿ ಹೆಡ್ ಕ್ಲರ್ಕ್ ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದರು. ಬಾಯಲ್ಲಿದ್ದ ಗುಟುಕನ್ನು ನುಂಗುವುದೋ ಉಗಿಯುವುದೋ ತಿಳಿಯದೆ ಕೆನ್ನೆಯುಬ್ಬಿಸಿಕೊಂಡು ಹಿತ್ತಲ ಗಿಡಗಳ ಕಡೆ ಓಡಿದರು. ಟೈಪಿಸ್ಟ್ ತನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಳ ಬಿಗಿ ಮಾಡಿ, ಪಕ್ಕದವಳ ಚೀಲದಲ್ಲಿಟ್ಟಳು. ಮೇಷ್ಟ್ರು ಮಾತ್ರ ಏನೂ ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿದರು.

"ನಮ್ಮ ಬೀದಿಗೆ ಬಿಡೋ ನೀರೇ ವಾಸಿ," ಎಂದರು ಕೊನೆಗೆ. "ನೀವು ಇದನ್ನ ಕುಡ್ಕೊಂಡು ನಮಗೆ ಉತ್ತರ ಬರೀತಿದ್ರಾ? ಛೇ, ಹೇಳಬಾರದಿತ್ತಾ."

ಸಾಹೇಬರು ಮೆಟ್ಟಿಲ ಮೇಲೆ ನಿಂತು ಜನರನ್ನು ಉದ್ದೇಶಿಸಿ ದೊಡ್ಡ ದನಿಯಲ್ಲಿ ಏನನ್ನೋ ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ದೂರಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಒಳಗೆ ಮೇಡಂ ಅವನ ಜಾಡಿಗೆ ಅರಗು ಕಾಯಿಸುತ್ತಿದ್ದರು.

"ದೂರಿನ ಮಾದರೀನ ತೊಂಬತ್ತು ದಿನ ಸೀಲ್ ಮಾಡಿ ಇಡಬೇಕು ಅಂತಿದೆ," ಎಂದರು ಮೇಡಂ, ಸಂಕೋಚದಿಂದಲೇ. "ಮೇಷ್ಟ್ರು ಸಹಿ ಕೂಡ ಹಾಕಿಬಿಟ್ಟಿದಾರೆ."

"ಮುಚ್ಚಿದ್ರೆ ಗಿಡ ಸಾಯಲ್ವಾ?"

"ಅದನ್ನೇ ನೋಡಬೇಕು ಅಂತ ನನಗೂ ಇದೆ. ಸಾಯಲ್ಲ ಅಂತ ಕಾಣುತ್ತೆ. ಈ ಕಿಟಕಿ ಹತ್ತಿರ ಇಡ್ತೀನಿ. ಬೆಳಕಿದೆ, ಬಿಸಿಲಿಲ್ಲ."

ದೂರಪ್ಪ ಅರಗು ಬೀಳುವುದನ್ನು ನೋಡುತ್ತ ನಿಂತ. ಬಸವನಹುಳು ಗಾಜಿನ ಒಳಮೈಯಲ್ಲಿ ಹತ್ತಿ ಮುಚ್ಚಳದವರೆಗೆ ಬಂದು, ಮುಟ್ಟಿ ನೋಡಿ, ವಾಪಸು ಹೊರಟಿತು.

"ನಮ್ಮ ತಾರಸಿ ಟ್ಯಾಂಕಿಗೆ ಏನಾಗಿದೆ, ನೋಡ್ಕೊಂಡು ಬನ್ನಿ," ಎಂದು ಸಾಹೇಬರ ಆಜ್ಞೆಯಾಯಿತು. "ನೀರಿನ ಮೇಲೆ ಇಷ್ಟೊಂದು ಆಸಕ್ತಿ ಇರೋರು ನಮ್ಮ ಕಚೇರಿಲಿ ಇನ್ನ್ಯಾರೂ ಇಲ್ಲ."

ತಾರಸಿಯ ಮೂಲೆಯಲ್ಲಿ ಹಳೆಯ ಸಿಮೆಂಟಿನ ತೊಟ್ಟಿ. ಅದರ ಮುಚ್ಚಳದ ಅರ್ಧ ಭಾಗ ಯಾವಾಗಲೋ ಮುರಿದುಬಿದ್ದು, ಆ ಜಾಗದಿಂದ ಇಳಿಬಿಸಿಲು ಒಳಗೆ ಓರೆಯಾಗಿ ಬೀಳುತ್ತಿತ್ತು. ದೂರಪ್ಪ ಕಬ್ಬಿಣದ ಏಣಿ ಹತ್ತಿ, ಹೊಟ್ಟೆಯನ್ನು ಅಂಚಿಗೆ ಒತ್ತಿ, ಒಳಗೆ ಇಣುಕಿದ.

ಇಣುಕಿದವನು ಹಾಗೇ ಉಳಿದ.

ತೊಟ್ಟಿಯ ನಾಲ್ಕು ಗೋಡೆಗೂ ಪಾಚಿ ದಟ್ಟ ಹಸಿರು ಮಖಮಲ್ಲಿನಂತೆ ಹೊದ್ದುಕೊಂಡಿತ್ತು. ತಳದ ಹೂಳಿನಿಂದ ಉದ್ದುದ್ದ ಎಲೆಯ ಗಿಡಗಳು ಎದ್ದು, ಬಿಸಿಲ ಕೋಲಿನತ್ತ ಬಾಗಿ ನಿಂತಿದ್ದವು. ಎಲೆಎಲೆಗೂ ಸಾಸಿವೆ ಗುಳ್ಳೆಗಳು. ಅವು ಬಿಡಿಸಿಕೊಂಡು ಮೇಲೇರುವುದಕ್ಕೆ ಕಾಯಬೇಕಾಗಿರಲಿಲ್ಲ. ಸಾಲುಸಾಲಾಗಿ ಏರುತ್ತಲೇ ಇದ್ದವು. ಗೋಡೆಯ ಮೇಲೆ ಬಟಾಣಿ ಗಾತ್ರದ ಬಸವನಹುಳುಗಳು ಸಂಸಾರ ಸಮೇತ ಮೇಯುತ್ತಿದ್ದವು. ಎಲೆಗಳ ಹಿಂದೆ ಏನೋ ಮಿಂಚಿತು. ಮರುಕ್ಷಣ ಅತ್ತ ಇತ್ತ ಎಲ್ಲ ಕಡೆ ಮಿಂಚಿತು. ಕಿರುಬೆರಳಿನ ಅರ್ಧದಷ್ಟಿದ್ದ ಮೀನುಗಳು. ಕಿತ್ತಳೆ ಬಾಲದವು, ನೀಲಿ ಚುಕ್ಕೆಯವು, ಬಸಿರು ಹೊತ್ತವು, ಕಣ್ಣಷ್ಟೇ ಕಾಣುವ ಮರಿಗಳು, ನೂರೋ ಇನ್ನೂರೋ. ದೂರಪ್ಪ ಬೆರಳನ್ನು ನೀರಿಗೆ ತಾಗಿಸಿದ. ಎಲ್ಲವೂ ಬಂದು ಸುತ್ತುವರಿದವು.

ಇನ್ನೊಂದು ಬಾಟಲಿ ಹಿಡಿಯಲು ಮೇಲೆ ಬಂದ ಲ್ಯಾಬ್ ಮೇಡಂ ಅವನ ಪಕ್ಕದಿಂದ ಇಣುಕಿ, ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಇವು ನನ್ನವು."

"ನಿಮ್ಮವಾ?"

"ನಾನು ಕೆಲಸಕ್ಕೆ ಸೇರಿದ ವರ್ಷ ಸೊಳ್ಳೆ ಕಾಟ ಅಂತ ಆರು ಮೀನು ಬಿಟ್ಟಿದ್ದೆ. ಹಳೇ ಟ್ಯಾಂಕು, ಇದನ್ನ ಇನ್ನು ಬಳಸಲ್ಲ ಅಂದಿದ್ರು."

ಅವರ ಹಿಂದೆಯೇ ಸಾಹೇಬರು ಏದುಸಿರು ಬಿಡುತ್ತ ಏಣಿ ಹತ್ತಿದರು. ನೋಡಿದರು. ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು. ಮೂವರೂ ತೊಟ್ಟಿಯ ಅಂಚಿಗೆ ಗಲ್ಲ ಊರಿ ಸಾಲಾಗಿ ನಿಂತರು. ಕೆಳಗೆ ಬೀದಿಯಲ್ಲಿ ಬಸ್ಸುಗಳು ಹೋಗುವ ಸದ್ದು ಕೇಳಿಸುತ್ತಿತ್ತು.

"ಆ ನೀಲಿ ಚುಕ್ಕೆಯದು," ಎಂದರು ಸಾಹೇಬರು ಪಿಸುದನಿಯಲ್ಲಿ, "ಬೇರೆಯವನ್ನೆಲ್ಲ ಓಡಿಸ್ತಾ ಇದೆ ನೋಡಿದ್ರಾ?"

"ಅದು ಗಂಡು ಸಾರ್," ಎಂದರು ಮೇಡಂ.

ಸಾಹೇಬರು ಎಚ್ಚರಗೊಂಡವರಂತೆ ಕೇಳಿದರು. "ಇದು ಇನ್ಯಾರಿಗೆ ಗೊತ್ತು?"

"ನಾವು ಮೂರೇ ಜನ," ಎಂದರು ಮೇಡಂ.

"ಮೂರೇ ಜನ ಇರಲಿ. ಇದನ್ನ ತೊಳೆಸೋಕೆ ಆಳು ಕರೆಸಿದ್ರೆ ನಾಳೆ ಊರಿಗೆಲ್ಲ ಗೊತ್ತಾಗುತ್ತೆ, ನೀರು ಸರಬರಾಜು ಕಚೇರಿಯವರು ಮೀನು ಸಾಕಿದ ನೀರು ಕುಡೀತಾರೆ ಅಂತ. ಆ ಮೇಷ್ಟ್ರು ಇನ್ನೂ ಗೇಟಲ್ಲೇ ಇದಾರೆ. ಮುರಿದಿರೋ ಕಡೆ ಒಂದು ಗಾಜು ಹಾಕಿಸಿ, ಬೀಗ ಜಡೀರಿ. ಕುಡಿಯೋ ನಲ್ಲಿಗೆ ಇಲ್ಲಿಂದ ನೀರು ಬೇಡ."

ಮೀನುಗಳು ಉಳಿದವೆಂದು ದೂರಪ್ಪನಿಗೆ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಮೇಡಂ ಕೇಳಿದ ಪ್ರಶ್ನೆಯ ಕಡೆ ಅವನ ಗಮನ ಹೋಗಲಿಲ್ಲ. "ಹಾಗಾದ್ರೆ ನಾಳೆಯಿಂದ ಕಚೇರಿಯವರು ಕುಡಿಯೋದೇನು ಸಾರ್?"

"ವರದಿ ಬಂದಿರೋ ನೀರು," ಎಂದರು ಸಾಹೇಬರು. "ದೋಷ ಇಲ್ಲ ಅಂತ ನೀವೇ ಸಹಿ ಹಾಕಿರೋದು ಒಂದೇ ನೀರಿಗೆ ತಾನೆ?"

ಇಬ್ಬರೂ ದೂರಪ್ಪನ ಕಡೆ ತಿರುಗಿದರು. ಅವನು ಇನ್ನೂ ನೀಲಿ ಚುಕ್ಕೆಯ ಮೀನನ್ನೇ ನೋಡುತ್ತಿದ್ದ.

"ಏನ್ರೀ, ಆ ಜಾಡಿ ನೀರು ನಿಮ್ಮ ಮನೆ ನಲ್ಲೀದೇ ಅಂದ್ರಲ್ಲ?"

"ಹೌದು ಸಾರ್."

"ಸರಿ. ನಾಳೆ ಬೆಳಿಗ್ಗೆಯಿಂದ ಎಂಟು ಕ್ಯಾನು."

"ಸಾರ್, ನಾನು ಬಸ್ಸಲ್ಲಿ ಬರೋದು."

"ಕಚೇರಿಯ ಮೂವತ್ತೆಂಟು ಜನರ ಬಾಯಾರಿಕೆ ರೀ. ಮೊದಲನೇ ಬಸ್ಸಿಗೆ ಬನ್ನಿ, ಜನ ಕಡಿಮೆ ಇರ್ತಾರೆ. ಯಾರಾದ್ರೂ ಕೇಳಿದ್ರೆ ಹವ್ಯಾಸ ಅನ್ನಿ."

ಸಂಜೆ ದೂರಪ್ಪ ಎಂಟು ಖಾಲಿ ಕ್ಯಾನುಗಳನ್ನು ಹಗ್ಗದಲ್ಲಿ ಪೋಣಿಸಿ ಹೆಗಲಿಗೆ ಹಾಕಿಕೊಂಡು, ಡೊಳ್ಳಿನಂತೆ ಸದ್ದು ಮಾಡುತ್ತ ಮನೆ ಸೇರಿದ. ಹೆಂಡತಿ ಹೊಲಿಗೆ ನಿಲ್ಲಿಸಿ ನೋಡಿದಳು. ಅವನು ನೇರವಾಗಿ ಅಡುಗೆಮನೆಗೆ ಹೋಗಿ ಮೊದಲ ಕ್ಯಾನನ್ನು ನಲ್ಲಿಯ ಕೆಳಗಿಟ್ಟು ತಿರುಪಿದ. ನಲ್ಲಿ ಒಮ್ಮೆ ಕೆಮ್ಮಿತು. ಒಂದು ಹನಿ ಬಿತ್ತು. ಅಷ್ಟೇ.

"ನೀರಿಲ್ಲ," ಎಂದಳು ಹೆಂಡತಿ. "ಮೂರು ದಿನ ಇರಲ್ಲ. ಊರಿನ ಟ್ಯಾಂಕೆಲ್ಲ ತೊಳೀಬೇಕು ಅಂತ ನಿಮ್ಮ ಇಂಜಿನಿಯರು ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಹೇಳಿದ್ರಂತಲ್ಲ, ಕೆಳಗಿನವರು ಇವತ್ತೇ ನೀರು ನಿಲ್ಲಿಸಿಬಿಟ್ರಂತೆ. ಆಟೋದಲ್ಲಿ ಸಾರಿಕೊಂಡು ಹೋದ್ರು. ನೀವು ಅಲ್ಲೇ ಇರೋದು, ಒಂದು ಮಾತು ಮೊದಲೇ ಹೇಳಬಾರದಾ? ಎರಡು ಬಿಂದಿಗೆ ತುಂಬಿಟ್ಕೊಳ್ತಿದ್ದೆ."

ದೂರಪ್ಪ ಕ್ಯಾನಿನ ಮೇಲೆ ಕುಸಿದು ಕೂತ.

"ಬೀದಿಯವರೆಲ್ಲ ಕೊಡ ಹಿಡ್ಕೊಂಡು ನಿಂತಿದಾರೆ, ಬರ್ತಾ ನೋಡಲಿಲ್ವಾ?" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. "ನಿಮ್ಮ ಕಚೇರಿಲಿ ಯಾವನೋ ಒಬ್ಬ ಜಾಡಿಲಿ ಗಲೀಜು ನೀರು ತಂದಿಟ್ಟನಂತೆ, ಅದರಿಂದಲೇ ಇಷ್ಟೆಲ್ಲ ಆಗಿದ್ದಂತೆ. ಅವನ ಹೆಸರೇನು ಅಂತ ನಿಮ್ಮನ್ನ ಕೇಳಬೇಕು ಅಂತ ಆಗಿಂದ ಕಾಯ್ತಿದಾರೆ. ಹೋಗಿ, ಹೇಳಿ ಬನ್ನಿ."